ಅಮೆರಿಕದ ರಾಜ್ಯ ವಿಶ್ವವಿದ್ಯಾಲಯ ವ್ಯವಸ್ಥೆಗಳನ್ನು ತೂಗಿ ನೋಡುವ ಕ್ರಮ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಬಿ.ಇ. ಮುಗಿಸಿದ, ಇಲ್ಲವೆ ಧಾರವಾಡದಲ್ಲಿ ಎಂ.ಎಸ್‌ಸಿ. ಓದಿದ ಮಕ್ಕಳ ತಂದೆ-ತಾಯಂದಿರು ಅಮೆರಿಕದ ಮಾತು ಬಂದಾಗ ಮೊದಲು ಕೇಳುವುದು ಬಹುತೇಕ ಒಂದೇ ಪ್ರಶ್ನೆ: “ಯಾವ ಸ್ಟೇಟಿಂದು ಚೊಲೋ ಐತ್ರೀ ಸರ?” ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಸೇನಾ ಅಕಾಡೆಮಿಗಳಂಥ ಕೆಲವನ್ನು ಬಿಟ್ಟರೆ ಅಮೆರಿಕದ ಕೇಂದ್ರ ಸರ್ಕಾರ ತಾನೇ ವಿಶ್ವವಿದ್ಯಾಲಯಗಳನ್ನು ನಡೆಸುವುದಿಲ್ಲ. ಸಾರ್ವಜನಿಕ ಉನ್ನತ ಶಿಕ್ಷಣವನ್ನು ಐವತ್ತು ರಾಜ್ಯಗಳು ತಮ್ಮ ತಮ್ಮ ಕಾನೂನು, ಖಜಾನೆ ಮತ್ತು ರಾಜಕಾರಣಕ್ಕೆ ತಕ್ಕಂತೆ ಕಟ್ಟಿಕೊಂಡಿವೆ. ಹೀಗಾಗಿ ರಾಜ್ಯದಿಂದ ರಾಜ್ಯಕ್ಕೆ ಗುಣಮಟ್ಟದಲ್ಲಿ ನಿಜವಾದ ಅಂತರವಿದೆ, ಮತ್ತು ಅದನ್ನು ಅಳೆಯಲು ಬೇಕಾದ ಮಾಹಿತಿಯ ಬಹುಪಾಲು ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ.

ಆದರೆ ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಯಾವುದೋ ಒಂದು ಪ್ರಸಿದ್ಧ ಕ್ಯಾಂಪಸ್ಸಿನ ರ‍್ಯಾಂಕು. ಬರ್ಕ್ಲಿ ಮೇಲಿದೆ, ಆದ್ದರಿಂದ ಕ್ಯಾಲಿಫೋರ್ನಿಯಾ ಒಳ್ಳೆಯದು. ಆನ್ ಆರ್ಬರ್ ಮೇಲಿದೆ, ಆದ್ದರಿಂದ ಮಿಷಿಗನ್ ಒಳ್ಳೆಯದು ಎಂಬ ತರ್ಕ ಅದು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಕೊಳ್ಳುವವರು ಚೀಲದ ಬಾಯಲ್ಲಿ ಕಾಣುವುದನ್ನಷ್ಟೇ ನೋಡಿ ದರ ಹೇಳುವುದಿಲ್ಲ, ಕೈ ಒಳಗಿಳಿಸಿ ನಡುವಿನ ಕಾಯಿ ತೆಗೆದು ನೋಡುತ್ತಾರೆ. ಒಂದು ರಾಜ್ಯದ ವ್ಯವಸ್ಥೆಯನ್ನೂ ಅದರ ಎರಡನೆಯ, ಮೂರನೆಯ ಸಾಲಿನ ಕ್ಯಾಂಪಸ್ಸುಗಳಿಂದಲೇ ಅಳೆಯಬೇಕು ಎಂಬುದು ನನ್ನ ನಿಲುವು. ನಮ್ಮ ಭಾಗದ ಹೆಚ್ಚಿನ ಮಕ್ಕಳಿಗೆ ಪ್ರವೇಶ ಸಿಗುವುದು ಅಲ್ಲಿಯೇ. ಹೊಲ-ಮನೆಯ ಮೇಲೆ ಸಾಲ ತೆಗೆದು ಶುಲ್ಕ ಕಟ್ಟುವುದೂ ಅಲ್ಲಿಗೇ.

ಮೊದಲು ವ್ಯವಸ್ಥೆಯ ಕಟ್ಟುವಿಕೆಯನ್ನು ತಿಳಿಯಬೇಕು

ನಮ್ಮಲ್ಲಿ ಸಂಯೋಜಿತ ಕಾಲೇಜುಗಳ ಪದ್ಧತಿಯಿದೆ. ವಿಟಿಯು ಅಡಿಯ ಯಾವ ಕಾಲೇಜಿನಲ್ಲಿ ಓದಿದರೂ, ಸ್ವಾಯತ್ತ ಕಾಲೇಜುಗಳನ್ನು ಬಿಟ್ಟರೆ, ಪಠ್ಯಕ್ರಮ ಒಂದೇ, ಪ್ರಶ್ನೆಪತ್ರಿಕೆ ಒಂದೇ. ಈ ರೂಢಿಯ ಕಣ್ಣಿನಿಂದ ನೋಡಿದವರಿಗೆ ಅಮೆರಿಕದ ವ್ಯವಸ್ಥೆ ದಾರಿ ತಪ್ಪಿಸುತ್ತದೆ. ಅಲ್ಲಿ ಮೇಲೊಂದು ಆಡಳಿತ ಮಂಡಳಿ ಇರುತ್ತದೆ. ಅದರ ಕೆಳಗಿನ ಪ್ರತಿ ಕ್ಯಾಂಪಸ್ಸಿಗೂ ತನ್ನದೇ ಪ್ರವೇಶದ ಮಾನದಂಡ, ತನ್ನದೇ ಅಧ್ಯಾಪಕ ವರ್ಗ, ತನ್ನದೇ ಪಾಠ-ಪರೀಕ್ಷೆ, ತನ್ನದೇ ಹೆಸರು ಇರುತ್ತವೆ. ಒಂದೇ ವ್ಯವಸ್ಥೆಯ ಎರಡು ಕ್ಯಾಂಪಸ್ಸುಗಳ ನಡುವಿನ ಅಂತರ ಎರಡು ರಾಜ್ಯಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಿರುವುದು ಅಲ್ಲಿ ಅಪರೂಪವಲ್ಲ.

ಕ್ಯಾಲಿಫೋರ್ನಿಯಾದಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅಲ್ಲಿಯ ಹಂಚಿಕೆ ಎಲ್ಲಕ್ಕಿಂತ ಸ್ಪಷ್ಟವಾಗಿದೆ. 1960ರ ಮಾಸ್ಟರ್ ಪ್ಲಾನ್ ಮೂರು ಹಂತಗಳನ್ನು ಗುರುತಿಸಿತು: ಪ್ರೌಢಶಾಲೆ ಮುಗಿಸಿದವರಲ್ಲಿ ಮೇಲಿನ ಎಂಟನೆಯ ಒಂದು ಭಾಗಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಮೇಲಿನ ಮೂರನೆಯ ಒಂದು ಭಾಗಕ್ಕೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಉಳಿದ ಎಲ್ಲರಿಗೂ ಬಾಗಿಲು ತೆರೆದಿರುವ, ಎರಡು ವರ್ಷಗಳ ಓದಿನ ಕಮ್ಯುನಿಟಿ ಕಾಲೇಜುಗಳು. ಸಂಶೋಧನೆ ಮತ್ತು ಪಿಎಚ್.ಡಿ. ಮುಖ್ಯವಾಗಿ ಮೊದಲನೆಯದರ 10 ಕ್ಯಾಂಪಸ್ಸುಗಳ ಕೆಲಸ. ಬೋಧನೆ ಮತ್ತು ಸ್ನಾತಕೋತ್ತರ ಪದವಿ ಎರಡನೆಯದರ ಕೆಲಸ. ನಮ್ಮ ಮಕ್ಕಳು ಹೆಚ್ಚಾಗಿ ಅರ್ಜಿ ಹಾಕುವ ಸ್ಯಾನ್ ಹೋಸೆ ಸ್ಟೇಟ್ ಈ ಎರಡನೆಯ ಹಂತಕ್ಕೆ ಸೇರಿದ್ದು. ಬರ್ಕ್ಲಿಯಷ್ಟು ಸಂಶೋಧನೆ ಅಲ್ಲಿಲ್ಲ ಎನ್ನುವುದು ಅದರ ಕೊರತೆಯಲ್ಲ, ಕಾನೂನು ಅದಕ್ಕೆ ವಹಿಸಿದ ಕೆಲಸವೇ ಬೇರೆ. ಅದನ್ನು ಅಳೆಯುವಾಗ ತರಗತಿಯ ಗಾತ್ರ, ಪಾಠ ಮಾಡುವವರ ಅರ್ಹತೆ, ಸುತ್ತಲಿನ ಕಂಪನಿಗಳೊಂದಿಗಿನ ನಂಟು ಇವನ್ನು ನೋಡಬೇಕು.

ನ್ಯೂಯಾರ್ಕಿನಲ್ಲಿ 1948ರಲ್ಲಿ ಸ್ಥಾಪನೆಯಾದ ಸ್ಟೇಟ್ ಯೂನಿವರ್ಸಿಟಿ ಆಫ್ ನ್ಯೂಯಾರ್ಕ್ 64 ಕ್ಯಾಂಪಸ್ಸುಗಳನ್ನು ಒಂದೇ ಸೂರಿನಡಿ ಇಟ್ಟುಕೊಂಡಿದೆ. ಕಮ್ಯುನಿಟಿ ಕಾಲೇಜುಗಳೂ ಅದರಲ್ಲೇ, ಆಲ್ಬನಿ, ಬಿಂಗ್‌ಹ್ಯಾಮ್ಟನ್, ಬಫಲೊ, ಸ್ಟೋನಿ ಬ್ರೂಕ್ ಎಂಬ ನಾಲ್ಕು ದೊಡ್ಡ ಸಂಶೋಧನಾ ಕೇಂದ್ರಗಳೂ ಅದರಲ್ಲೇ. ನ್ಯೂಯಾರ್ಕ್ ನಗರದ ಸಿಟಿ ಯೂನಿವರ್ಸಿಟಿ ಇದರಿಂದ ಪ್ರತ್ಯೇಕ. ಟೆಕ್ಸಾಸಿನಲ್ಲಿ ಒಂದಲ್ಲ, ಹಲವು ವ್ಯವಸ್ಥೆಗಳಿವೆ: ಯೂನಿವರ್ಸಿಟಿ ಆಫ್ ಟೆಕ್ಸಾಸ್, ಟೆಕ್ಸಾಸ್ ಎ ಆಂಡ್ ಎಂ, ಹ್ಯೂಸ್ಟನ್, ಟೆಕ್ಸಾಸ್ ಟೆಕ್, ನಾರ್ತ್ ಟೆಕ್ಸಾಸ್, ಟೆಕ್ಸಾಸ್ ಸ್ಟೇಟ್. ವರ್ಜೀನಿಯಾದಲ್ಲಿ ಎಲ್ಲವನ್ನೂ ಕೂಡಿಸುವ ವ್ಯವಸ್ಥೆಯೇ ಇಲ್ಲ. ಪ್ರತಿಯೊಂದಕ್ಕೂ ತನ್ನ ಮಂಡಳಿ. ಮಿಷಿಗನ್ನಿನ 15 ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ಸಂವಿಧಾನವೇ ಸ್ವಾಯತ್ತತೆ ಕೊಟ್ಟಿದೆ. ಆದ್ದರಿಂದ “ಮಿಷಿಗನ್ ವ್ಯವಸ್ಥೆ” ಎಂದು ಆನ್ ಆರ್ಬರ್ ಒಂದನ್ನೇ ತೋರಿಸಿದರೆ ಅದನ್ನು ಒಪ್ಪಬಾರದು. ವೇನ್ ಸ್ಟೇಟ್ ಹೇಗಿದೆ, ಫ್ಲಿಂಟ್ ಮತ್ತು ಡಿಯರ್‌ಬಾರ್ನ್ ಹೇಗಿವೆ ಎಂದು ಮರುಪ್ರಶ್ನೆ ಹಾಕಬೇಕು.

ಹೆಸರುಗಳ ಗೊಂದಲವನ್ನೂ ಈ ಹಂತದಲ್ಲೇ ಬಗೆಹರಿಸಿಕೊಳ್ಳಬೇಕು. ಯೂನಿವರ್ಸಿಟಿ ಆಫ್ ಪೆನ್ಸಿಲ್ವೇನಿಯಾ ಖಾಸಗಿ. ಪೆನ್ ಸ್ಟೇಟ್ ರಾಜ್ಯದ ನೆರವಿನದು. ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ ಖಾಸಗಿ. ಓಹಾಯೊದ ಮಯಾಮಿ ಯೂನಿವರ್ಸಿಟಿ ಸಾರ್ವಜನಿಕ, ಫ್ಲೋರಿಡಾದ ಯೂನಿವರ್ಸಿಟಿ ಆಫ್ ಮಯಾಮಿ ಖಾಸಗಿ. ಎ ಆಂಡ್ ಎಂ ಎಂಬ ಹೆಸರು ಹೊತ್ತ ಕ್ಯಾಂಪಸ್ಸುಗಳು ಹಲವು; ಜನ ಸಾಮಾನ್ಯವಾಗಿ ಆ ಹೆಸರಿನಿಂದ ಉದ್ದೇಶಿಸುವುದು ಕಾಲೇಜ್ ಸ್ಟೇಷನ್ನಿನದನ್ನು, ಸೀಟು ಸಿಕ್ಕಿರುವುದು ಕಿಂಗ್ಸ್‌ವಿಲ್ಲಿನಲ್ಲಿರಬಹುದು. ಕಿಂಗ್ಸ್‌ವಿಲ್ ಕೆಟ್ಟದ್ದೆಂದು ಇದರ ಅರ್ಥವಲ್ಲ, ಅದನ್ನು ಅದರ ಹೆಸರಿನಲ್ಲೇ ತೂಗಬೇಕು ಎಂದಷ್ಟೇ.

ಅಂಕಿಗಳನ್ನು ಓದುವ ಬಗೆ

ಅಮೆರಿಕದ ಶಿಕ್ಷಣ ಇಲಾಖೆ ನಡೆಸುವ ಕಾಲೇಜ್ ನ್ಯಾವಿಗೇಟರ್ ಎಂಬ ಜಾಲತಾಣದಲ್ಲಿ ಪ್ರತಿ ಕ್ಯಾಂಪಸ್ಸಿನ ಪ್ರವೇಶ, ಶುಲ್ಕ, ಎರಡನೆಯ ವರ್ಷಕ್ಕೆ ಮುಂದುವರಿದವರ ಪ್ರಮಾಣ, ಪದವಿ ಮುಗಿಸಿದವರ ಪ್ರಮಾಣ ಸಿಗುತ್ತವೆ. ಇದರ ಜೊತೆಗೆ ಹೆಚ್ಚಿನ ವಿಶ್ವವಿದ್ಯಾಲಯಗಳು ಕಾಮನ್ ಡೇಟಾ ಸೆಟ್ ಎಂಬ ದಾಖಲೆಯನ್ನು ಪ್ರತಿ ವರ್ಷ ಪ್ರಕಟಿಸುತ್ತವೆ. ತರಗತಿಗಳ ಗಾತ್ರ ಅದರ ಕೊನೆಯ ಭಾಗಗಳಲ್ಲಿ ಇರುತ್ತದೆ. ಪಿಯುಸಿ ನಂತರ ಬಿ.ಎಸ್. ಪದವಿಗೆ ಹೋಗುವವರು ಈ ಎರಡನ್ನೂ ತಪ್ಪದೆ ನೋಡಬೇಕು.

ಪದವಿ ಮುಗಿಸಿದವರ ಪ್ರಮಾಣ ಬಹಳ ಉಪಯುಕ್ತ ಅಂಕಿ. ಆದರೆ ಅದು ಎಣಿಸುವುದು ಮೊದಲ ಬಾರಿಗೆ, ಪೂರ್ಣಾವಧಿಗೆ ಸೇರಿ, ನಾಲ್ಕು ವರ್ಷದ ಪದವಿಯನ್ನು ಆರು ವರ್ಷದೊಳಗೆ ಅಲ್ಲಿಯೇ ಮುಗಿಸಿದವರನ್ನು ಮಾತ್ರ. ಕಮ್ಯುನಿಟಿ ಕಾಲೇಜಿನಿಂದ ಬಂದವರು, ಕೆಲಸ ಮಾಡುತ್ತ ಅರೆಕಾಲಿಕವಾಗಿ ಓದುವವರು ಆ ಲೆಕ್ಕದಲ್ಲಿ ಇರುವುದಿಲ್ಲ. ಬರ್ಕ್ಲಿ, ಲಾಸ್ ಏಂಜಲೀಸ್, ಆನ್ ಆರ್ಬರ್, ವರ್ಜೀನಿಯಾದಂಥ ಕಡೆ ಇದು ಶೇ 90ನ್ನು ದಾಟುತ್ತದೆ. ಅದರಲ್ಲಿ ವಿಶ್ವವಿದ್ಯಾಲಯದ ಪಾಲೆಷ್ಟು, ಆರಿಸಿ ಆರಿಸಿ ಸೇರಿಸಿಕೊಂಡ ಮಕ್ಕಳ ಪಾಲೆಷ್ಟು ಎಂಬುದು ಆ ಅಂಕಿಯೊಂದರಿಂದಲೇ ಗೊತ್ತಾಗುವುದಿಲ್ಲ. ಅದಕ್ಕಾಗಿ ನಾನು ಇನ್ನೊಂದು ರೀತಿಯಲ್ಲಿ ನೋಡಲು ಹೇಳುತ್ತೇನೆ: ಬಡ ಕುಟುಂಬಗಳ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ ಪೆಲ್ ಅನುದಾನ ಪಡೆದವರು ಎಷ್ಟು ಜನ ಪದವಿ ಮುಗಿಸುತ್ತಾರೆ, ಅವರಿಗೂ ಉಳಿದವರಿಗೂ ನಡುವಿನ ಅಂತರ ಎಷ್ಟು ಎಂದು ನೋಡಬೇಕು. ಈ ವಿವರವೂ ಕಾಲೇಜ್ ನ್ಯಾವಿಗೇಟರಿನಲ್ಲೇ ಇದೆ. ಅಂತರ ಕಡಿಮೆ ಇರುವ ಕಡೆ ಹಿಂದೆ ಬಿದ್ದವರನ್ನು ಕೈ ಹಿಡಿದು ಮುಂದೆ ತರುವ ಏರ್ಪಾಡು ಇರುವ ಸಂಭವ ಹೆಚ್ಚು, ಮತ್ತು ಊರು ಬಿಟ್ಟು ಮೊದಲ ಸಲ ದೂರ ಹೋಗುವ ನಮ್ಮ ಮಕ್ಕಳಿಗೂ ಆ ಏರ್ಪಾಡು ಬೇಕಾಗುತ್ತದೆ.

ಸಂಬಳದ ಅಂಕಿಗಳನ್ನು ಮಾತ್ರ ಎಚ್ಚರದಿಂದ ಓದಬೇಕು. ಕಾಲೇಜ್ ಸ್ಕೋರ್‌ಕಾರ್ಡ್ ಎಂಬ, ಶಿಕ್ಷಣ ಇಲಾಖೆಯದೇ ಇನ್ನೊಂದು ಜಾಲತಾಣ ತೋರಿಸುವ ಗಳಿಕೆ ಕೇಂದ್ರ ಸರ್ಕಾರದ ಆರ್ಥಿಕ ನೆರವು ಪಡೆದ ವಿದ್ಯಾರ್ಥಿಗಳದ್ದು. ಆ ನೆರವು ವಿದೇಶಿ ವಿದ್ಯಾರ್ಥಿಗಳಿಗೆ ಸಿಗುವುದಿಲ್ಲವಾದ್ದರಿಂದ ಅವರು ಆ ಲೆಕ್ಕದಿಂದ ಹೊರಗೇ ಉಳಿಯುತ್ತಾರೆ. ಎರಡು ಕ್ಯಾಂಪಸ್ಸುಗಳ ಒಂದೇ ವಿಭಾಗವನ್ನು ಹೋಲಿಸಲು ಅದು ನೆರವಾದೀತು, ನಿಮ್ಮ ಮಗಳಿಗೆ ಎಷ್ಟು ಸಂಬಳ ಸಿಗುತ್ತದೆ ಎಂದು ಹೇಳಲು ಆಗದು.

ಪತ್ರಿಕೆಗಳ ರ‍್ಯಾಂಕುಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಯು.ಎಸ್. ನ್ಯೂಸ್ ಪಟ್ಟಿಯಲ್ಲಿ ರಾಷ್ಟ್ರೀಯ ವಿಶ್ವವಿದ್ಯಾಲಯಗಳಿಗೆ ಕೊಡುವ ಅಂಕದ ಐದನೆಯ ಒಂದು ಭಾಗ ಬೇರೆ ವಿಶ್ವವಿದ್ಯಾಲಯಗಳ ಮುಖ್ಯಸ್ಥರ ಅಭಿಪ್ರಾಯದಿಂದ ಬರುತ್ತದೆ. 2023ರಲ್ಲಿ ಆ ಪಟ್ಟಿ ತರಗತಿಯ ಗಾತ್ರ, ಹಳೆಯ ವಿದ್ಯಾರ್ಥಿಗಳ ದೇಣಿಗೆ ಮುಂತಾದ ಅಂಶಗಳನ್ನು ಕೈಬಿಟ್ಟಿತು. ಆಗ ಹಲವು ಸಾರ್ವಜನಿಕ ವಿಶ್ವವಿದ್ಯಾಲಯಗಳು ಒಮ್ಮೆಲೇ ಮೇಲೇರಿದವು. ಆ ವರ್ಷ ಅಲ್ಲಿಯ ಪಾಠ ಸುಧಾರಿಸಿರಲಿಲ್ಲ, ಲೆಕ್ಕದ ಸೂತ್ರ ಬದಲಾಗಿತ್ತು. ಪಟ್ಟಿಯನ್ನು ಹೆಸರುಗಳ ಪರಿಚಯಕ್ಕೆ ಬಳಸಿಕೊಳ್ಳಿ, ತೀರ್ಮಾನಕ್ಕೆ ಬೇಡ.

ಸಂಶೋಧನೆ: ಒಟ್ಟು ಮೊತ್ತದ ಮೋಸ

ಎಂ.ಎಸ್. ಇಲ್ಲವೆ ಪಿಎಚ್.ಡಿ.ಗೆ ಹೋಗುವವರಿಗೆ ಸಂಶೋಧನೆಯ ಬಲ ಮುಖ್ಯ. ಅಮೆರಿಕದ ಉನ್ನತ ಶಿಕ್ಷಣ ಸಂಸ್ಥೆಗಳನ್ನು ವಿಂಗಡಿಸುವ ಕಾರ್ನೆಗಿ ವರ್ಗೀಕರಣದ 2025ರ ನಿಯಮದಂತೆ ವರ್ಷಕ್ಕೆ 5 ಕೋಟಿ ಡಾಲರ್ ಸಂಶೋಧನಾ ವೆಚ್ಚವೂ 70 ಸಂಶೋಧನಾ ಡಾಕ್ಟರೇಟ್ ಪದವಿಗಳೂ ಇರುವ ಸಂಸ್ಥೆ ಆರ್-1, ಎಂದರೆ ಸಂಶೋಧನೆಯ ಅತಿ ಮೇಲಿನ ಮಟ್ಟದ್ದು, ಎನ್ನಿಸಿಕೊಳ್ಳುತ್ತದೆ. ಒಂದು ವ್ಯವಸ್ಥೆಯ ನಡುವನ್ನು ಮುಟ್ಟಿ ನೋಡಲು ಇದೊಂದು ಸುಲಭದ ಗುರುತು: ಆ ರಾಜ್ಯದಲ್ಲಿ ಆರ್-1 ಮಟ್ಟಕ್ಕೆ ಏರಿದ ಕ್ಯಾಂಪಸ್ಸುಗಳು ಎಷ್ಟು? ಕ್ಯಾಲಿಫೋರ್ನಿಯಾದಲ್ಲಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಪದವಿ ತರಗತಿಗಳಿರುವ ಒಂಬತ್ತೂ ಕ್ಯಾಂಪಸ್ಸುಗಳು ಈ ಮಟ್ಟದಲ್ಲಿವೆ; 2005ರಲ್ಲಷ್ಟೇ ಬಾಗಿಲು ತೆರೆದ ಮರ್ಸೆಡ್ ಕೂಡ 2025ರಲ್ಲಿ ಆ ಸಾಲಿಗೆ ಸೇರಿತು. ಟೆಕ್ಸಾಸಿನಲ್ಲಿ ಆಸ್ಟಿನ್ ಅಲ್ಲದೆ ಡಲ್ಲಾಸ್, ಆರ್ಲಿಂಗ್ಟನ್, ಸ್ಯಾನ್ ಆಂಟೋನಿಯೊ, ಎಲ್ ಪಾಸೊ ಇವೆ. ನ್ಯೂಯಾರ್ಕಿನ ನಾಲ್ಕೂ ಕೇಂದ್ರಗಳಿವೆ. ನಾರ್ತ್ ಕ್ಯಾರೊಲಿನಾದಲ್ಲಿ ಚಾಪೆಲ್ ಹಿಲ್ ಮತ್ತು ನಾರ್ತ್ ಕ್ಯಾರೊಲಿನಾ ಸ್ಟೇಟ್ ಜೊತೆಗೆ ಈಗ ಷಾರ್ಲಟ್ ಕೂಡ ಸೇರಿದೆ. ವ್ಯವಸ್ಥೆಯ ಆಳ ತಿಳಿಯುವುದು ಇಂಥ ಹೆಸರುಗಳಿಂದ.

ಡಾಲರುಗಳ ಒಟ್ಟು ಮೊತ್ತವನ್ನು ಹೋಲಿಸುವಾಗ ವೈದ್ಯಕೀಯ ಕಾಲೇಜು ಎಲ್ಲಿದೆ ಎಂದು ಮೊದಲು ನೋಡಬೇಕು. ಆನ್ ಆರ್ಬರಿನಲ್ಲಿ ವೈದ್ಯಕೀಯ ಕಾಲೇಜು ವಿಶ್ವವಿದ್ಯಾಲಯದ ಒಳಗೇ ಇದೆ, ಅದರ ಸಂಶೋಧನಾ ಹಣವೆಲ್ಲ ಅಲ್ಲಿಯ ಲೆಕ್ಕಕ್ಕೇ ಸೇರುತ್ತದೆ. ಬರ್ಕ್ಲಿಯಲ್ಲಿ ಅದು ಇಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ವೈದ್ಯಕೀಯ ಸಂಶೋಧನೆಯ ದೊಡ್ಡ ಪಾಲು ಸ್ಯಾನ್ ಫ್ರಾನ್ಸಿಸ್ಕೊ ಕ್ಯಾಂಪಸ್ಸಿನದು, ಅಲ್ಲಿ ಪದವಿ ತರಗತಿಗಳೇ ಇಲ್ಲ. ಟೆಕ್ಸಾಸಿನ ವ್ಯವಸ್ಥೆಯಲ್ಲಿ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರ ಮತ್ತು ಡಲ್ಲಾಸಿನ ಸೌತ್‌ವೆಸ್ಟರ್ನ್ ವೈದ್ಯಕೀಯ ಕೇಂದ್ರ ಪ್ರತ್ಯೇಕ ಸಂಸ್ಥೆಗಳು. ಆಸ್ಟಿನ್ನಿಗೆ ತನ್ನದೇ ವೈದ್ಯಕೀಯ ಕಾಲೇಜು ಸಿಕ್ಕಿ ವಿದ್ಯಾರ್ಥಿಗಳು ಸೇರಿದ್ದು 2016ರಲ್ಲಿ. ಹೀಗಿರುವಾಗ ಆನ್ ಆರ್ಬರಿನ ಮೊತ್ತವನ್ನು ಆಸ್ಟಿನ್ನಿನ ಮೊತ್ತದ ಪಕ್ಕದಲ್ಲಿಟ್ಟು ಮೆಕ್ಯಾನಿಕಲ್ ಎಂಜಿನಿಯರಿಂಗ್ ಬಗ್ಗೆ ತೀರ್ಮಾನ ಹೇಳುವುದು ಅರ್ಥಹೀನ. ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ವಾರ್ಷಿಕ ಸಮೀಕ್ಷೆಯಲ್ಲಿ ಈ ವೆಚ್ಚ ವಿಷಯವಾರು ಒಡೆದು ಕೊಟ್ಟಿರುತ್ತದೆ. ನೋಡಬೇಕಾದದ್ದು ನಿಮ್ಮ ವಿಷಯದ ಸಾಲನ್ನು.

ಲೆಕ್ಕದ ಈ ರೀತಿಯಿಂದ ಅನ್ಯಾಯವಾದ ಉದಾಹರಣೆಯೂ ಇದೆ. ಆಯ್ದ ಸಂಶೋಧನಾ ವಿಶ್ವವಿದ್ಯಾಲಯಗಳ ಪ್ರತಿಷ್ಠಿತ ಒಕ್ಕೂಟವೊಂದು 2011ರಲ್ಲಿ ನೆಬ್ರಾಸ್ಕಾ-ಲಿಂಕನ್ ವಿಶ್ವವಿದ್ಯಾಲಯವನ್ನು ಮತ ಹಾಕಿ ಹೊರಗಿಟ್ಟಿತು. ಅಲ್ಲಿಯ ವೈದ್ಯಕೀಯ ಕೇಂದ್ರ ಓಮಾಹಾದಲ್ಲಿ ಪ್ರತ್ಯೇಕ ಆಡಳಿತದಲ್ಲಿದೆ. ಕೃಷಿ ಸಂಶೋಧನೆಗೆ ಬರುವ ಸರ್ಕಾರಿ ಹಣಕ್ಕೆ ಆ ಒಕ್ಕೂಟದ ಮಾನದಂಡದಲ್ಲಿ ತೂಕ ಕಡಿಮೆ. ಈ ಎರಡೂ ಕಾರಣಗಳು ಅದರ ವಿರುದ್ಧ ಹೋದವು. ಕೃಷಿಯನ್ನೇ ನಂಬಿದ ನಮ್ಮ ಜಿಲ್ಲೆಗಳವರು ಇದನ್ನು ಗಮನಿಸಬೇಕು. 1862ರ ಮೊರಿಲ್ ಕಾಯ್ದೆಯಡಿ ಭೂಮಿ ಪಡೆದು ಬೆಳೆದ ಲ್ಯಾಂಡ್ ಗ್ರ್ಯಾಂಟ್ ವಿಶ್ವವಿದ್ಯಾಲಯಗಳ ಹೊಣೆ ಬೋಧನೆ, ಸಂಶೋಧನೆ, ರೈತನ ಹೊಲಕ್ಕೆ ಆ ಜ್ಞಾನವನ್ನು ಮುಟ್ಟಿಸುವುದು ಎಂದು ಮೂರು ಬಗೆಯದು. ಭಾರತದ ಕೃಷಿ ವಿಶ್ವವಿದ್ಯಾಲಯಗಳು ರೂಪುಗೊಂಡದ್ದು ಇದೇ ಮಾದರಿಯಲ್ಲಿ; ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಕಟ್ಟುವಾಗ ಟೆನೆಸಿ ವಿಶ್ವವಿದ್ಯಾಲಯದ ನೆರವಿತ್ತು, ಅದರಿಂದ ಬೇರ್ಪಟ್ಟು 1986ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಆಯಿತು. ಧಾರವಾಡದ ಕೃಷಿ ಮೇಳಕ್ಕೆ ಬರುವ ರೈತರ ಸಂಖ್ಯೆ ಯಾವ ಜಾಗತಿಕ ರ‍್ಯಾಂಕಿನಲ್ಲೂ ಎಣಿಕೆಯಾಗುವುದಿಲ್ಲ. ಅಮೆರಿಕದ ಲ್ಯಾಂಡ್ ಗ್ರ್ಯಾಂಟ್ ವಿಶ್ವವಿದ್ಯಾಲಯಗಳ ವಿಸ್ತರಣಾ ಕೆಲಸದ ಗತಿಯೂ ಅದೇ.

ರಾಜ್ಯದ ಖಜಾನೆ ಎಷ್ಟು ಸ್ಥಿರ

ಸಾಮಾನ್ಯವಾಗಿ ಯಾರೂ ನೋಡದ, ಆದರೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಶ ಇದು. ರಾಜ್ಯ ಸರ್ಕಾರ ಒಬ್ಬ ವಿದ್ಯಾರ್ಥಿಗೆ ಎಷ್ಟು ಹಣ ಕೊಡುತ್ತದೆ, ಕಷ್ಟದ ವರ್ಷಗಳಲ್ಲಿ ಅದನ್ನು ಎಷ್ಟು ಕಡಿಯುತ್ತದೆ ಎಂಬುದರ ಮೇಲೆ ನಡುವಿನ ಕ್ಯಾಂಪಸ್ಸುಗಳ ಜೀವ ನಿಂತಿರುತ್ತದೆ. ದೊಡ್ಡ ಹೆಸರಿನ ಕ್ಯಾಂಪಸ್ಸಿಗೆ ದೇಣಿಗೆ, ಸಂಶೋಧನಾ ಹಣ, ಹೊರಗಿನ ವಿದ್ಯಾರ್ಥಿಗಳ ಶುಲ್ಕ ಇರುತ್ತವೆ. ಪೆಟ್ಟು ಬೀಳುವುದು ಉಳಿದವುಗಳಿಗೆ. ಇಲಿನಾಯ್ ರಾಜ್ಯದಲ್ಲಿ 2015ರಿಂದ 2017ರವರೆಗೆ ರಾಜ್ಯಪಾಲರಿಗೂ ಶಾಸಕಾಂಗಕ್ಕೂ ಒಪ್ಪಂದವಾಗದೆ ಪೂರ್ಣ ಬಜೆಟ್ಟೇ ಆಗಲಿಲ್ಲ. ರಾಜ್ಯದ ದೊಡ್ಡ ಹೆಸರಿನ ಕ್ಯಾಂಪಸ್ಸಾದ ಅರ್ಬಾನಾ-ಷಾಂಪೇನ್ ಅದನ್ನು ತಾಳಿಕೊಂಡಿತು. ಷಿಕಾಗೊ ಸ್ಟೇಟ್ ಮತ್ತು ಈಸ್ಟರ್ನ್ ಇಲಿನಾಯ್ ನೌಕರರನ್ನು ತೆಗೆಯಬೇಕಾಯಿತು. ಅಲಾಸ್ಕಾದ ರಾಜ್ಯಪಾಲರು 2019ರಲ್ಲಿ ವಿಶ್ವವಿದ್ಯಾಲಯದ ಅನುದಾನಕ್ಕೆ ಭಾರಿ ಕತ್ತರಿ ಹಾಕಿ, ಆಮೇಲೆ ಮೂರು ವರ್ಷಗಳಲ್ಲಿ 7 ಕೋಟಿ ಡಾಲರ್ ಕಡಿತಕ್ಕೆ ಒಪ್ಪಂದವಾಯಿತು. ವೆಸ್ಟ್ ವರ್ಜೀನಿಯಾದಲ್ಲಿ 2023ರಲ್ಲಿ ರಾಜ್ಯದ ಪ್ರಮುಖ ವಿಶ್ವವಿದ್ಯಾಲಯವೇ 28 ಪದವಿ ಕಾರ್ಯಕ್ರಮಗಳನ್ನೂ 143 ಅಧ್ಯಾಪಕ ಹುದ್ದೆಗಳನ್ನೂ ಕೈಬಿಟ್ಟಿತು. ಪೆನ್ಸಿಲ್ವೇನಿಯಾ 2022ರಲ್ಲಿ ಆರು ರಾಜ್ಯ ವಿಶ್ವವಿದ್ಯಾಲಯಗಳನ್ನು ಎರಡಾಗಿ ಕೂಡಿಸಿತು. 2025ರಲ್ಲಿ ಪೆನ್ ಸ್ಟೇಟ್ ತನ್ನ ಏಳು ಸಣ್ಣ ಕ್ಯಾಂಪಸ್ಸುಗಳನ್ನು ಮುಚ್ಚಲು ತೀರ್ಮಾನಿಸಿತು.

ಇದಕ್ಕೆ ಎದುರಾಗಿ ಟೆಕ್ಸಾಸನ್ನು ಇಡಬಹುದು. 1876ರ ಸಂವಿಧಾನದ ಕಾಲದಲ್ಲಿ ವಿಶ್ವವಿದ್ಯಾಲಯಕ್ಕೆಂದು ಪಶ್ಚಿಮದ ಒಣಭೂಮಿಯನ್ನು ಕೊಟ್ಟಿದ್ದರು; ಈಗ ಅದು ಸುಮಾರು 21 ಲಕ್ಷ ಎಕರೆ. 1923ರಲ್ಲಿ ಅಲ್ಲಿಯ ಸಾಂತಾ ರೀಟಾ ಬಾವಿಯಲ್ಲಿ ಎಣ್ಣೆ ಉಕ್ಕಿತು. ಆ ಆದಾಯದ ಶಾಶ್ವತ ನಿಧಿಯ ಫಲವನ್ನು ಟೆಕ್ಸಾಸ್ ಮತ್ತು ಎ ಆಂಡ್ ಎಂ ವ್ಯವಸ್ಥೆಗಳು ಎರಡಕ್ಕೊಂದರಂತೆ ಹಂಚಿಕೊಳ್ಳುತ್ತವೆ. ಉಳಿದವಕ್ಕೆ ಅದರಲ್ಲಿ ಪಾಲಿರಲಿಲ್ಲ. 2023ರಲ್ಲಿ ಮತದಾರರು ಹ್ಯೂಸ್ಟನ್, ಟೆಕ್ಸಾಸ್ ಟೆಕ್, ನಾರ್ತ್ ಟೆಕ್ಸಾಸ್, ಟೆಕ್ಸಾಸ್ ಸ್ಟೇಟ್‌ಗಳಿಗಾಗಿ ಸುಮಾರು 390 ಕೋಟಿ ಡಾಲರಿನ ಬೇರೊಂದು ನಿಧಿಗೆ ಒಪ್ಪಿಗೆ ಕೊಟ್ಟರು. ಎರಡನೆಯ ಸಾಲನ್ನು ಮೇಲೆತ್ತುವ ಮನಸ್ಸು ಒಂದು ರಾಜ್ಯಕ್ಕೆ ಇದೆಯೇ ಎಂದು ತಿಳಿಯಲು ಇಂಥ ಹೆಜ್ಜೆಗಳನ್ನೇ ನೋಡಬೇಕು.

ಈ ಅಂಕಿಗಳಿಗೆ ರಾಜ್ಯಗಳ ಉನ್ನತ ಶಿಕ್ಷಣ ಅಧಿಕಾರಿಗಳ ಸಂಘದ ವಾರ್ಷಿಕ ಹಣಕಾಸು ವರದಿ ಒಳ್ಳೆಯ ಆಧಾರ. ಒಂದು ವರ್ಷದ ಅಂಕಿಯನ್ನು ನೋಡಿ ಬಿಡದೆ, 2008ರ ಆರ್ಥಿಕ ಕುಸಿತದಿಂದ ಇತ್ತೀಚಿನವರೆಗಿನ ಗೆರೆಯನ್ನು ನೋಡಬೇಕು. ಇಲಿನಾಯ್‌ನ ಮೊತ್ತ ಅಲ್ಲಿ ಬಹಳ ಎತ್ತರದಲ್ಲಿ ಕಾಣುತ್ತದೆ. ಅದರಲ್ಲಿ ಗಣನೀಯ ಪಾಲು ಪಿಂಚಣಿ ನಿಧಿಯ ಹಳೆಯ ಬಾಕಿಗೆ ಹೋಗುತ್ತದೆ, ತರಗತಿಗೆ ಬರುವುದಿಲ್ಲ.

ಪಿಯುಸಿ ನಂತರ ಹೋಗುವವರಿಗೆ

ಪದವಿಗೇ ಹೋಗುವವರು ವ್ಯವಸ್ಥೆಯೊಳಗಿನ ದಾರಿಗಳು ತೆರೆದಿವೆಯೇ ಎಂದು ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಓದಿ, ನಿಗದಿತ ಅಂಕ ಪಡೆದವರಿಗೆ ಡೇವಿಸ್, ಅರ್ವೈನ್, ರಿವರ್‌ಸೈಡ್ ಸೇರಿದಂತೆ ಆರು ಕ್ಯಾಂಪಸ್ಸುಗಳು ಖಾತರಿ ಪ್ರವೇಶ ಕೊಡುತ್ತವೆ, ಕೆಲವು ವಿಭಾಗಗಳನ್ನು ಹೊರತುಪಡಿಸಿ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಆ ಖಾತರಿಯಲ್ಲಿ ಇಲ್ಲ. ಫ್ಲೋರಿಡಾದಲ್ಲಿ ಸಾರ್ವಜನಿಕ ಸಂಸ್ಥೆಗಳಿಗೆಲ್ಲ ಒಂದೇ ಕೋರ್ಸ್ ಸಂಖ್ಯಾಪದ್ಧತಿ ಇರುವುದರಿಂದ ಒಂದೆಡೆ ಗಳಿಸಿದ ಕ್ರೆಡಿಟ್ಟು ಇನ್ನೊಂದೆಡೆ ವ್ಯರ್ಥವಾಗುವುದು ಕಡಿಮೆ. ಎಂಜಿನಿಯರಿಂಗ್ ಪದವಿಗೆ, ಅಂಥ ಪದವಿಗಳ ಗುಣಮಟ್ಟ ಪರಿಶೀಲಿಸುವ ಅಬೆಟ್ ಸಂಸ್ಥೆಯ ಮಾನ್ಯತೆ ಇದೆಯೇ ಎಂಬುದನ್ನೂ ಮರೆಯದೆ ನೋಡಿ.

ಒಂದು ಹೋಲಿಕೆಯನ್ನು ಮಾಡಿ ನೋಡೋಣ

ರಾಣೆಬೆನ್ನೂರಿನ ಒಬ್ಬ ವಿದ್ಯಾರ್ಥಿನಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿದ್ದಾಳೆ, ತಂದೆಗೆ ಬೀಜದ ಅಂಗಡಿ ಇದೆ, ಆಕೆಗೆ ನೀರಾವರಿ ಮತ್ತು ಜಲಸಂಪನ್ಮೂಲದಲ್ಲಿ ಎಂ.ಎಸ್. ಮಾಡುವ ಮನಸ್ಸಿದೆ ಎಂದಿಟ್ಟುಕೊಳ್ಳೋಣ. ಗದಗ, ನರಗುಂದದ ಕಡೆಯ ಕರಿಮಣ್ಣಿನಲ್ಲಿ ಕಾಲುವೆಯ ಕೊನೆಗೆ ನೀರು ಏಕೆ ಮುಟ್ಟುವುದಿಲ್ಲ ಎಂಬುದು ಆಕೆಯ ಪ್ರಶ್ನೆ. ರ‍್ಯಾಂಕಿನ ಪಟ್ಟಿ ಹಿಡಿದು ಹೊರಟರೆ ಆಕೆ ಬರ್ಕ್ಲಿ, ಆಸ್ಟಿನ್, ಆನ್ ಆರ್ಬರ್ ಎಂದು ಬರೆದುಕೊಂಡು ಬರುತ್ತಾಳೆ. ವಿಷಯವನ್ನು ಹಿಡಿದು ಹೊರಟರೆ ಹೆಸರುಗಳೇ ಬೇರೆ.

ನೆಬ್ರಾಸ್ಕಾ ಅಮೆರಿಕದಲ್ಲೇ ಅತಿ ಹೆಚ್ಚು ನೀರಾವರಿ ಭೂಮಿ ಇರುವ ರಾಜ್ಯ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ನೀರು ಮತ್ತು ಆಹಾರದ ವಿಷಯಕ್ಕೇ ಮೀಸಲಾದ ಡಾಹರ್ಟಿ ಸಂಸ್ಥೆ 2010ರಿಂದ ಇದೆ. ಮೇಲೆ ಹೇಳಿದ ಒಕ್ಕೂಟ ಹೊರಗಿಟ್ಟ ವಿಶ್ವವಿದ್ಯಾಲಯ ಇದೇ. ಬಿ.ಇ. ತರಗತಿಯಲ್ಲಿ ಕಾಲುವೆಯ ಹರಿವು ಅಳೆಯಲು ಓದಿದ ಪಾರ್ಶಲ್ ಫ್ಲೂಮನ್ನು ರಾಲ್ಫ್ ಪಾರ್ಶಲ್ 1920ರ ದಶಕದಲ್ಲಿ ರೂಪಿಸಿದ್ದು ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯ ಇರುವ ಫೋರ್ಟ್ ಕಾಲಿನ್ಸಿನಲ್ಲಿ. ಲೋಗನ್ನಿನ ಯೂಟಾ ಸ್ಟೇಟ್‌ನಲ್ಲಿ ದೊಡ್ಡ ಜಲಸಂಶೋಧನಾ ಪ್ರಯೋಗಾಲಯವಿದೆ. ಅಯೋವಾದಲ್ಲಿ ಮೂರೇ ಸಾರ್ವಜನಿಕ ವಿಶ್ವವಿದ್ಯಾಲಯಗಳು, ಒಂದೇ ಮಂಡಳಿ. ಅಯೋವಾ ಸಿಟಿಯ ಹೈಡ್ರಾಲಿಕ್ಸ್ ಸಂಸ್ಥೆಯನ್ನು ಒಂದು ಕಾಲಕ್ಕೆ ಹೈಡ್ರಾಲಿಕ್ಸ್‌ನ ಹೆಸರಾಂತ ವಿದ್ವಾಂಸ ಹಂಟರ್ ರೌಸ್ ನಡೆಸಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಈ ವಿಷಯಕ್ಕೆ ಬರ್ಕ್ಲಿಗಿಂತ ಮೊದಲು ಡೇವಿಸ್ ನೋಡಬೇಕು.

ಈ ಐದನ್ನು ಒಂದು ಹಾಳೆಯ ಮೇಲೆ ಅಡ್ಡಸಾಲಾಗಿ ಬರೆದುಕೊಂಡು, ಉದ್ದಸಾಲಿನಲ್ಲಿ ವಿಭಾಗದ ಅಧ್ಯಾಪಕರಲ್ಲಿ ನೀರಾವರಿಯ ಮೇಲೆ ಈಗ ಕೆಲಸ ಮಾಡುತ್ತಿರುವವರು ಯಾರು, ಕಳೆದ ಮೂರು ವರ್ಷಗಳಲ್ಲಿ ಅವರ ವಿದ್ಯಾರ್ಥಿಗಳ ಪ್ರಬಂಧಗಳ ವಿಷಯವೇನು, ಎಂ.ಎಸ್. ವಿದ್ಯಾರ್ಥಿಗಳಿಗೆ ಬೋಧನಾ ಅಥವಾ ಸಂಶೋಧನಾ ಸಹಾಯಕ ಹುದ್ದೆ ಸಿಗುತ್ತದೆಯೇ, ರಾಜ್ಯದ ಅನುದಾನದ ಗೆರೆ ಏರುತ್ತಿದೆಯೇ ಇಳಿಯುತ್ತಿದೆಯೇ, ಒಟ್ಟು ವೆಚ್ಚ ಎಷ್ಟು ಎಂದು ತುಂಬಬೇಕು. ಪ್ರಬಂಧಗಳ ವಿಷಯ ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲೇ ಸಿಗುತ್ತದೆ. ನನ್ನ ಅನುಭವದಲ್ಲಿ ಅತ್ಯಂತ ಸತ್ಯ ಹೇಳುವ ಅಂಕಣ ಅದೇ, ಏಕೆಂದರೆ ಅಲ್ಲಿ ಪ್ರಚಾರಕ್ಕೆ ಜಾಗವಿಲ್ಲ. ವಿದ್ಯಾರ್ಥಿ ಏನು ಮಾಡಿ ಮುಗಿಸಿದ ಎಂಬುದಷ್ಟೇ ಇರುತ್ತದೆ.

ಇಡೀ ವ್ಯವಸ್ಥೆಯಾಗಿ ನೋಡಿದರೆ ಕ್ಯಾಲಿಫೋರ್ನಿಯಾದಷ್ಟು ಆಳವಾದದ್ದು ಬೇರೆ ರಾಜ್ಯದಲ್ಲಿ ಇಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಸ್ವಂತ ಸಾಲದಲ್ಲಿ ಎಂ.ಎಸ್. ಮಾಡುವ ಈ ವಿದ್ಯಾರ್ಥಿನಿಗೆ, ಸಹಾಯಕ ಹುದ್ದೆ ಸಿಗುವುದಾದರೆ, ನಾನು ಲಿಂಕನ್ ಇಲ್ಲವೆ ಫೋರ್ಟ್ ಕಾಲಿನ್ಸನ್ನೇ ಸೂಚಿಸುತ್ತೇನೆ.

ಶುಲ್ಕದ ಕೊನೆಯ ಲೆಕ್ಕ

ಸಾರ್ವಜನಿಕ ವಿಶ್ವವಿದ್ಯಾಲಯವೆಂದರೆ ಅಗ್ಗ ಎಂಬ ನಂಬಿಕೆ ರಾಜ್ಯದ ನಿವಾಸಿಗಳ ಮಟ್ಟಿಗೆ ಮಾತ್ರ ನಿಜ. ವಿದ್ಯಾರ್ಥಿ ವೀಸಾದಲ್ಲಿರುವವರು ಎಷ್ಟು ವರ್ಷ ಅಲ್ಲಿದ್ದರೂ ಸಾಮಾನ್ಯವಾಗಿ ಹೊರಗಿನವರೇ, ಶುಲ್ಕವೂ ಹೊರಗಿನವರದ್ದೇ. ಇದಕ್ಕೆ ಕೆಲವು ವಿನಾಯಿತಿಗಳಿವೆ. ಟೆಕ್ಸಾಸಿನ ಕಾನೂನಿನಂತೆ ಕನಿಷ್ಠ 1000 ಡಾಲರಿನ ಸ್ಪರ್ಧಾತ್ಮಕ ವಿದ್ಯಾರ್ಥಿವೇತನ ಪಡೆದ ಹೊರಗಿನವರಿಗೆ ನಿವಾಸಿಗಳ ದರ ಅನ್ವಯಿಸಬಹುದು. ಅರ್ಜಿಯ ಜೊತೆಗೇ ಈ ವಿದ್ಯಾರ್ಥಿವೇತನದ ಬಗ್ಗೆ ವಿಭಾಗಕ್ಕೆ ಬರೆದು ಕೇಳಬೇಕು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಪಿಎಚ್.ಡಿ.ಯ ಅರ್ಹತಾ ಹಂತ ದಾಟಿದವರಿಗೆ ಹೊರಗಿನವರ ಹೆಚ್ಚುವರಿ ಶುಲ್ಕ ಮೂರು ವರ್ಷಗಳವರೆಗೆ ಇರುವುದಿಲ್ಲ. ಬೋಧನಾ ಅಥವಾ ಸಂಶೋಧನಾ ಸಹಾಯಕ ಹುದ್ದೆ ಸಿಕ್ಕವರಿಗೆ ಹಲವೆಡೆ ಶುಲ್ಕ ಪೂರ್ತಿ ಅಥವಾ ಭಾಗಶಃ ಮನ್ನಾ ಆಗುತ್ತದೆ. ಎಷ್ಟು ಸೆಮಿಸ್ಟರಿಗೆ, ಯಾವ ಷರತ್ತಿನ ಮೇಲೆ ಎಂಬುದನ್ನು ಪತ್ರದಲ್ಲಿ ಪಡೆಯದೆ ಲೆಕ್ಕಕ್ಕೆ ಹಿಡಿಯಬಾರದು.

ಪ್ರವೇಶ ಸಿಕ್ಕ ಮೇಲೆ ಬರುವ, ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಐ-20 ಪತ್ರದ ಮೊದಲ ಪುಟವನ್ನು ಮನೆಯವರೆಲ್ಲ ಕೂತು ಓದಬೇಕು. ಮೇಲಿನ ಭಾಗದಲ್ಲಿ ಶಾಲೆಯ ಹೆಸರು ಮತ್ತು ವಿಳಾಸ ಇರುತ್ತವೆ. ಅಲ್ಲಿರುವ ಕ್ಯಾಂಪಸ್ಸೇ ನೀವು ತೂಗಿ ನೋಡಿದ ಕ್ಯಾಂಪಸ್ಸು ಹೌದೇ ಎಂದು ಖಚಿತಪಡಿಸಿಕೊಳ್ಳಿ. ಕೆಳಗಿನ ಹಣಕಾಸಿನ ಭಾಗದಲ್ಲಿ ಎಡಕ್ಕೆ ಅಂದಾಜು ವೆಚ್ಚ, ಬಲಕ್ಕೆ ಹಣದ ಮೂಲ ಇರುತ್ತದೆ. ವೆಚ್ಚದ ತಲೆಬರಹದಲ್ಲೇ ಅದು ಎಷ್ಟು ತಿಂಗಳಿಗೆ ಎಂದು ಬರೆದಿರುತ್ತಾರೆ. 9 ತಿಂಗಳಿಗೆ ಎಂದಿದ್ದರೆ ಬೇಸಿಗೆಯ ಮನೆಬಾಡಿಗೆ, ಊಟ ಅದರಲ್ಲಿ ಸೇರಿಲ್ಲ. ಎಂ.ಎಸ್. ಎರಡು ವರ್ಷದ್ದಾದರೆ ಆ ಮೊತ್ತವನ್ನು ಸುಮ್ಮನೆ ಎರಡು ಪಟ್ಟು ಮಾಡದೆ, ಎರಡನೆಯ ವರ್ಷದ ಶುಲ್ಕ ಏರಿಕೆಯನ್ನೂ ಬೇಸಿಗೆಯ ತಿಂಗಳುಗಳನ್ನೂ ಸೇರಿಸಿ, ಬಲಬದಿಯಲ್ಲಿ ವಿಶ್ವವಿದ್ಯಾಲಯದ ನೆರವು ಎಂದು ಎಷ್ಟು ನಮೂದಾಗಿದೆಯೋ ಅಷ್ಟನ್ನು ಮಾತ್ರ ಕಳೆದು, ಉಳಿದ ಮೊತ್ತಕ್ಕೆ ಬ್ಯಾಂಕಿನವರಿಂದ ತಿಂಗಳ ಕಂತು ಎಷ್ಟಾಗುತ್ತದೆ ಎಂದು ಬರೆಯಿಸಿಕೊಂಡ ನಂತರವೇ ಸಾಲದ ಕಾಗದಗಳಿಗೆ ಸಹಿ ಮಾಡಿ.